ಮೊಣಕಾಲಿಗೆ ಖಾನೆ ಇಲ್ಲ

"ಮಂದಿ ಯಾಕ ನನಗ ದಾಳಿಂಬ್ರಿ ತಂದು ಕೊಡಾಕತ್ತಾರ?"

ಶಂಕ್ರಮ್ಮ ಕೇಳಿದ್ದು ಯಾರನ್ನೂ ಅಲ್ಲ. ಪಡಸಾಲೆಯಲ್ಲಿ ಆಗ ಅವಳೊಬ್ಬಳೇ ಇದ್ದಳು. ಎದುರಿನ ಸ್ಟೂಲಿನ ಮೇಲೆ ಆರು ದಾಳಿಂಬೆ, ಒಂದು ಪೊಟ್ಟಣ ಖಜೂರ, ಎರಡು ಎಳನೀರು. ನಾಲ್ಕು ದಿನದಿಂದ ಹೀಗೇ ನಡೆದಿತ್ತು. ಹಿಂದಿನ ಓಣಿಯವರು ಬಂದು ಹೋದರು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಎದುರು ಮನೆಯ ಮಾರೆವ್ವ ಕೂಡ ಈಗಷ್ಟೇ ಬಂದು, ಶಂಕ್ರಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಸೆರಗಿನಿಂದ ಮೂಗು ಒರೆಸಿಕೊಂಡು ಹೋಗಿದ್ದಳು.

ಒಳಗಿನಿಂದ ಸೊಸೆ ಭವಾನಿ ಹಿಟ್ಟಿನ ಕೈಯಲ್ಲೇ ಬಂದಳು. "ಯಾರ ಬಂದಿದ್ರು ಅತ್ತಿ?"

"ಮಾರೆವ್ವ. ಗಟಾರದ ನೀರಿಗೆ ನನ್ನ ಕೂಡ ಜಗಳಾಡಿದಾಕಿ. ಎಳನೀರು ತಂದಾಳ ನೋಡು. ಕಾಲು ಆಪರೇಷನ್ ಆಗಿ ಹತ್ತು ತಿಂಗಳಾತು, ಈಗ ನೋಡಾಕ ಬರಾಕತ್ತೈತಿ ಮಂದಿ."

"ಬರ್ಲಿ ಬಿಡ್ರಿ. ದಾಳಿಂಬ್ರಿ ಕಿಲೋಕ್ಕ ಎರಡ್ನೂರು ಐತಿ ಸಂತ್ಯಾಗ."

ಅತ್ತೆ ನಗುತ್ತಾಳೆಂದು ಭವಾನಿ ಒಂದು ಗಳಿಗೆ ನಿಂತಳು. ಶಂಕ್ರಮ್ಮ ನಗಲಿಲ್ಲ.

ಯಲಬುರ್ಗಾ ಕಡೆಯ ಒಣಭೂಮಿಯ ಮನೆತನ ಅವರದು. ಗಂಗಾವತಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಸುತ್ತ ನಾಲೆ, ಭತ್ತದ ಗದ್ದೆ, ಅಕ್ಕಿ ಗಿರಣಿ ಇದ್ದರೂ ಈ ಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿಯೇ. ಮಗ ಉಮಾಪತಿ ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಅಜ್ಜಿಯನ್ನು ಆಯಿ ಎಂದು ಕರೆಯುವ ಮೊಮ್ಮಗಳು ಅಂಜಲಿ ಬಿ.ಕಾಂ. ಎರಡನೆಯ ವರ್ಷ. ಶಂಕ್ರಮ್ಮನಿಗೆ ಓದಲು ಬಾರದು. ಸಹಿ ಮಾಡುವುದೊಂದನ್ನು ಕಲಿತಿದ್ದಳು. ಉಳಿದದ್ದೆಲ್ಲ ಕಿವಿಯಿಂದ ಬಂದದ್ದು. ಐವತ್ತು ವರ್ಷ ಮಠದಲ್ಲಿ ಕೂತು ಪುರಾಣ ಕೇಳಿದವಳು. ಒಮ್ಮೆ ಕೇಳಿದ ಮಾತನ್ನು ಬಿಡುವವಳಲ್ಲ.

ದಾಳಿಂಬೆ ಬರುವ ಒಂದು ವಾರ ಮೊದಲು, ಡಿಸೆಂಬರಿನ ಮೊದಲ ವಾರದಲ್ಲಿ, ಉಮಾಪತಿಯ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಮುಂಜಾನೆ ಮಂಡಕ್ಕಿ ಒಗ್ಗರಣಿ ತಿನ್ನುತ್ತಾ ಅಂಜಲಿಯೇ ಅದನ್ನು ತೆರೆದು ನೋಡಿದಳು.

"ಅಪ್ಪಾ, ಇದು ಮೋಸದ ಮೆಸೇಜ್ ಅಲ್ಲ. ಇನ್‌ಕಮ್ ಟ್ಯಾಕ್ಸಿನವರದ ಐತಿ. ನೀವು ತಗೊಂಡ ಕಡಿತ ಖರೇ ಇದ್ರ ದಾಖಲಿ ಇಟ್ಕೋರಿ, ತಪ್ಪಿದ್ರ ಮೂವತ್ತೊಂದರೊಳಗ ರಿಟರ್ನ್ ತಿದ್ದಿ ಹಾಕ್ರಿ ಅಂತ ಬರದಾರ."

"ಯಾವ ಕಡಿತ?"

ಅಂಜಲಿ ಅವನ ಪಾಸ್‌ವರ್ಡ್ ಕೇಳಿ ರಿಟರ್ನ್ ತೆರೆದಳು. ಬೆರಳಿನಿಂದ ಕೆಳಗೆ ಕೆಳಗೆ ಸರಿಸುತ್ತಾ ಹೋದವಳು ಒಂದು ಕಡೆ ನಿಂತಳು. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಆಯಿಗೆ ಕ್ಯಾನ್ಸರ್ ಐತೇನಪ್ಪ?"

ಉಮಾಪತಿ ಮೊಬೈಲ್ ಕಸಿದುಕೊಂಡ. ಒಂದು ಲಕ್ಷ ರೂಪಾಯಿ ಕಡಿತ. ಅವಲಂಬಿತ ಹಿರಿಯ ನಾಗರಿಕರ ಚಿಕಿತ್ಸೆ. ಕಾಯಿಲೆಯ ಹೆಸರಿನ ಮುಂದೆ ಆ ಶಬ್ದ.

"ನಿಮ್ಮವ್ವಗ ಹೇಳಬ್ಯಾಡ. ಆಯಿಗಂತೂ ಬ್ಯಾಡೇ ಬ್ಯಾಡ. ನಾ ನೋಡತೀನಿ."

ಅಂಜಲಿ ಒಗ್ಗರಣಿ ಬಿಟ್ಟು ಎದ್ದಳು.

ರಿಟರ್ನ್ ಹಾಕಿದವನು ಹಳೆ ಬಸ್ ನಿಲ್ದಾಣದ ಹಿಂದಿನ ಝೆರಾಕ್ಸ್ ಅಂಗಡಿಯ ಯಂಕೇಶ. ಅಲ್ಲಿಗೆ ಮೊದಲು ಹೋದ ಮೇಷ್ಟ್ರು ಉಮಾಪತಿ. ಹೋದ ಫೆಬ್ರುವರಿಯಲ್ಲಿ ತಾಯಿಯ ಎಡ ಮೊಣಕಾಲಿನ ಚಿಪ್ಪು ಬದಲಿಸಲು ಹುಬ್ಬಳ್ಳಿಯಲ್ಲಿ ಎರಡು ಲಕ್ಷ ಮೂವತ್ತು ಸಾವಿರ ಕಟ್ಟಿದ್ದ. "ಇದಕ್ಕ ತೆರಿಗ್ಯಾಗ ಏನರೆ ಬಿಡತಾರೇನು?" ಎಂದು ಕೇಳಿದ್ದ. "ಬಿಡತಾರ್ರಿ ಸರ, ಕಾಗದ ಕೊಟ್ಟು ಹೋಗ್ರಿ" ಎಂದಿದ್ದ ಯಂಕೇಶ. ಇಪ್ಪತ್ತು ಸಾವಿರದ ಎಂಟುನೂರು ವಾಪಸು ಬಂತು. ಉಮಾಪತಿ ಸ್ಟಾಫ್ ರೂಮಿನಲ್ಲಿ ಹೇಳಿದ. ಹನ್ನೊಂದು ಮಂದಿ ಮೇಷ್ಟ್ರುಗಳು ಅವನ ಹಿಂದೆ ಆ ಅಂಗಡಿಗೆ ಹೋದರು.

"ಏನು ಬರದಿಯೋ ನೀ ಅದರಾಗ?" ಅಂದು ಸಂಜೆ ಉಮಾಪತಿ ಕೇಳಿದ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ.

"ನಿಮಗ ಬರಬೇಕಾದ್ದು ಬರಸೀನಲ್ರಿ ಸರ."

"ನಾ ಹೇಳಿದ್ದು ಮೊಣಕಾಲು."

"ಮೊಣಕಾಲಿಗೆ ಖಾನೆ ಇಲ್ರಿ ಆ ಫಾರ್ಮಿನಾಗ. ಕ್ಯಾನ್ಸರಿಗೆ ಐತಿ, ಕಿಡ್ನಿಗೆ ಐತಿ. ವಯಸ್ಸಾದವರ ದವಾಖಾನಿ ಖರ್ಚಿಗೆ ಐವತ್ತು ಸಾವಿರದ್ದು ಬ್ಯಾರೆ ಖಾನೆ ಐತಿ ಖರೆ, ಆದ್ರ ನೀವು ಚೀಟಿ ಫಂಡಿನ ರೊಕ್ಕ ಎತ್ತಿ ನಗದು ಕಟ್ಟೀರಿ. ಅದಕ್ಕ ನಗದು ನಡಿಯಂಗಿಲ್ಲ. ಮತ್ತ ನಾ ಏನು ಮಾಡ್ಲಿ? ಖರ್ಚು ಸುಳ್ಳೇನ್ರಿ ನಿಮ್ದು?"

"ಖರ್ಚು ಖರೇ."

"ಬ್ಯಾನಿ ಹೆಸರಷ್ಟ ಬದಲ."

"ನಮ್ಮವ್ವನ ಹೆಸರೊ ಅದು!" ಉಮಾಪತಿಯ ದನಿ ಏರಿತು, ಹಾಗೇ ಇಳಿಯಿತು. "ತಿದ್ದಿ ಹಾಕು. ರೊಕ್ಕ ವಾಪಸ್ ಕಟ್ಟತೀನಿ."

ಯಂಕೇಶ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಹನ್ನೆರಡೂ ಮಂದಿಗೆ ನನ್ನ ಒಂದ ಈಮೇಲ್ ಹಾಕೀನ್ರಿ. ನೀವು ತಿದ್ದಿದ್ರ ಉಳಿದವರ ಮ್ಯಾಲೆ ಕಣ್ಣು ಬೀಳತೈತಿ. ಅದರಕಿಂತ ಕ್ಯಾನ್ಸರ್ ಡಾಕ್ಟರರ ಒಂದು ಚೀಟಿ ತಂದಿಡ್ರಿ. ಜೋಡಿಗೆ ನಿಮ್ಮ ಅವ್ವಾರ ಸಹಿ ಇರೋ ಒಂದು ಪತ್ರ. ಯಾರು ಕೇಳಿದ್ರೂ ಜವಾಬು ಇರತೈತಿ."

ಮರುದಿನ ಸ್ಟಾಫ್ ರೂಮಿನಲ್ಲಿ ದೈಹಿಕ ಶಿಕ್ಷಕ ಹನಮಪ್ಪ ಬುತ್ತಿ ಬಿಚ್ಚುತ್ತಾ ಜೋರಾಗಿ ನಕ್ಕ. "ಉಮಾಪತಿ ಸರ, ನಮ್ಮ ಅಪ್ಪಂದು ಎರಡೂ ಕಿಡ್ನಿ ಹೋಗ್ಯಾವಂತ್ರಿ! ಮುಂಜಾನಿ ಐದು ರೊಟ್ಟಿ ತಿಂದು ಹನುಮಸಾಗರಕ್ಕ ಎತ್ತು ನೋಡಾಕ ಹೋಗ್ಯಾನ." ಎಲ್ಲರೂ ನಕ್ಕರು. ನಗು ನಿಂತ ಮೇಲೆ ಹನಮಪ್ಪ ಹತ್ತಿರ ಬಂದ. "ನೀವ ಕರಕೊಂಡು ಹೋದ್ರಿ ನಮ್ಮನ್ನ. ಈಗ ನೀವೊಬ್ರ ತಿದ್ದಿಸಿ ದಂಡಿ ಹತ್ತಬ್ಯಾಡ್ರಿ. ಎರಡು ಹೆಣ್ಣುಮಕ್ಕಳ ಮದುವಿ ಐತಿ ನನಗ. ನೌಕರಿ ಮ್ಯಾಲೆ ಬಂದ್ರ ಏನು ಮಾಡ್ಲಿ?"

ಮನೆಗೆ ಹೋಗುವ ದಾರಿಯಲ್ಲಿ ಮುನವ್ವರನ ಔಷಧಿ ಅಂಗಡಿ. ಶಂಕ್ರಮ್ಮನ ಗುಳಿಗೆಗಳು ಅಲ್ಲಿಂದಲೇ. ಉಮಾಪತಿ ಗಿರಾಕಿಗಳು ಹೋಗುವವರೆಗೆ ಕಾದು ಕೇಳಿದ. "ಕ್ಯಾನ್ಸರಿಗೆ ಛಲೋ ಡಾಕ್ಟರ್ ಯಾರದಾರ ಮುನವ್ವರ್? ಒಂದು ಚೀಟಿ ಬೇಕಾಗಿತ್ತು."

ಮುನವ್ವರನ ಕೈಯಲ್ಲಿದ್ದ ಕತ್ತರಿ ನಿಂತಿತು. "ಯಾರಿಗ್ರಿ ಸರ?"

ಉಮಾಪತಿ ಕೌಂಟರಿನ ಮೇಲಿನ ಗುಳಿಗೆ ಡಬ್ಬಿಯನ್ನು ಅತ್ತ ಸರಿಸಿದ.

"ಅವ್ವಾರಿಗೇನು?"

ಇಲ್ಲವೆಂದರೆ ಮತ್ತೆ ಚೀಟಿ ಯಾಕೆಂದು ಹೇಳಬೇಕು. "ಹೂಂ" ಅಂದ ಉಮಾಪತಿ.

ಮುನವ್ವರ ಕೌಂಟರಿನ ಹೊರಗೆ ಬಂದು ಅವನ ಭುಜ ಹಿಡಿದ. "ಯಾ ಅಲ್ಲಾ. ಮೊನ್ನಿ ಇಲ್ಲಿ ನಿಂತು ನಮ್ಮ ಅಮ್ಮೀ ಕೂಡ ನಕ್ಕೋಂತ ಮಾತಾಡಿ ಹೋಗ್ಯಾರ. ಅವರಿಗೆ ಗೊತ್ತೈತೇನ್ರಿ?"

"ಇಲ್ಲ."

"ಹೇಳಬ್ಯಾಡ್ರಿ. ನಾನೂ ಯಾರಿಗೂ ಹೇಳಂಗಿಲ್ಲ."

ಅವನು ತನ್ನ ತಾಯಿಗೆ ಮಾತ್ರ ಹೇಳಿದ. ಆಕೆ ಅಳುತ್ತಾ ಖಜೂರದ ಪೊಟ್ಟಣ ಕಟ್ಟಿಕೊಂಡು ಬಂದಳು. ಆಮೇಲೆ ದಾಳಿಂಬೆ ಬಂದವು.

ಪ್ರತಿವರ್ಷ ಪುಷ್ಯ ಮಾಸದಲ್ಲಿ ಮಠದ ದಾಸೋಹಕ್ಕೆ ಓಣಿ ಓಣಿಯ ಹೆಂಗಸರು ರೊಟ್ಟಿ ಬಡಿದು ಕಳಿಸುವುದು ರೂಢಿ. ತಿಂಗಳು ಮೊದಲೇ ಒಬ್ಬೊಬ್ಬರೂ ಇಂತಿಷ್ಟು ಎಂದು ಒಪ್ಪಿಕೊಳ್ಳುತ್ತಾರೆ. ಶಂಕ್ರಮ್ಮನದು ಐದುನೂರು. ಕಾಲು ಮಡಚಲು ಬಾರದೆಂದು ಈ ಸಲ ಎತ್ತರದ ಮಣೆ ಮಾಡಿಸಿಕೊಂಡಿದ್ದಳು. ಅದನ್ನು ಅಂಜಲಿಯ ಕೈಲಿ ಹೊರಿಸಿಕೊಂಡು, ಎಳನೀರು ಬಂದ ಮರುದಿನ ಮುಂಜಾನೆ ಓಣಿಯ ತಗಡಿನ ಶೆಡ್ಡಿಗೆ ಹೋದಳು. ಎಂಟು ಒಲೆ ಉರಿಯುತ್ತಿದ್ದವು, ಬಡಿಯುವ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಅವಳು ಕಾಲಿಡುತ್ತಿದ್ದಂತೆ ಸದ್ದು ನಿಂತಿತು.

"ನೀ ಕುಂತು ನೋಡಬೇ ಸಾಕು," ಎಂದು ಮಾರೆವ್ವ ಮಣೆ ತೆಗೆದುಕೊಂಡು ಗೋಡೆಗೆ ಒರಗಿಸಿದಳು.

"ಯಾಕ? ಕಾಲಿಗೆ ಆಗೈತಿ, ಕೈಗೇನಾಗೈತಿ ನನಗ?"

"ನಿನ್ನ ಪಾಲಿನವು ಐದ್ನೂರು ನಾವು ಹಂಚಿಕೊಂಡೀವಿ."

"ಯಾರನ್ನ ಕೇಳಿ ಹಂಚಿಕೊಂಡ್ರಿ? ನಾ ದೇವರಿಗೆ ಒಪ್ಪಿಕೊಂಡ ರೊಟ್ಟಿ ಅವು!"

ಹಿಟ್ಟು ಕಲಸುತ್ತಿದ್ದ ಹೊಸ ಸೊಸೆಯೊಬ್ಬಳು ತಡೆಯಲಾರದೆ ಹೇಳಿಬಿಟ್ಟಳು. "ಆ ದೊಡ್ಡ ಬ್ಯಾನಿ ಇದ್ದವರು ಬೆಂಕಿ ಮುಂದ ಕುಂಡ್ರಬಾರದಂತ್ರಿ ಅಜ್ಜಿ."

ಮಾರೆವ್ವ ಅವಳ ತೊಡೆ ಚಿವುಟಿದಳು. ಮಾತು ಆಗಲೇ ಶಂಕ್ರಮ್ಮನ ಕಿವಿ ಸೇರಿತ್ತು.

ಮನೆಗೆ ಬರುವಾಗ ಅವಳು ಒಂದೇ ಪ್ರಶ್ನೆ ಕೇಳಿದಳು. "ಅಂಜು, ನಿನಗ ಗೊತ್ತಿತ್ತೇನು?"

ಅಂಜಲಿ ಮಣೆಯನ್ನು ತಲೆಯ ಮೇಲಿಂದ ಇಳಿಸಿ ಎದೆಗೆ ಅವುಚಿಕೊಂಡಳು. "ಏನಿಲ್ಲ ಆಯಿ. ಆ ಹುಡುಗಿ ಹುಚ್ಚಿ ಐತಿ."

ಮೊಮ್ಮಗಳು ಕಣ್ಣು ತಪ್ಪಿಸಿದ್ದನ್ನು ಶಂಕ್ರಮ್ಮ ನೋಡಿದಳು. ಮತ್ತೆ ಕೇಳಲಿಲ್ಲ.

ಅಂದಿನಿಂದ ಅವಳ ಊಟ ಅರ್ಧ ರೊಟ್ಟಿಗೆ ಇಳಿಯಿತು. ಅವಳಿಗೆ ಇಷ್ಟದ ಪುಂಡಿಪಲ್ಯೆ ಮಾಡಿದರೂ ಅಷ್ಟೇ. ಲಿಂಗಪೂಜೆಗೆ ಕೂತರೆ ಎರಡು ತಾಸು ಏಳುತ್ತಿರಲಿಲ್ಲ. "ಸಂಕ್ರಾಂತಿ ಮುಗದ ಮ್ಯಾಲೆ ಬಲಗಾಲಿಂದೂ ಮಾಡಿಸೂಣವ್ವ" ಎಂದು ಉಮಾಪತಿ ಒಂದು ದಿನ ಮಾತು ತೆಗೆದರೆ, "ಬ್ಯಾಡಪ್ಪ. ಇನ್ನ ಎಷ್ಟು ದಿನ ನಡೀಬೇಕು ನಾ? ಆ ರೊಕ್ಕ ಅಂಜುಗ ಇಡು" ಅಂದಳು. ಅವ್ವನಿಗೆ ಖರ್ಚಿನ ಚಿಂತೆ ಎಂದುಕೊಂಡ ಉಮಾಪತಿ. ಅವನಿಗೆ ಅವನದೇ ಚಿಂತೆ. ದಿನಕ್ಕೆ ಹತ್ತು ಸಲ ಮೊಬೈಲ್ ತೆಗೆದು ಆ ಸಂದೇಶ ಓದುತ್ತಿದ್ದ. ತರಗತಿಯಲ್ಲಿ ಲೆಕ್ಕದ ಕೊನೆಯ ಸಾಲು ಬರೆಯುವುದನ್ನು ಮರೆತು ಮಕ್ಕಳಿಂದ ಹೇಳಿಸಿಕೊಂಡ. ಯಂಕೇಶ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಡಾಕ್ಟರರ ಚೀಟಿ ತರಿಸಿಕೊಡುವವರು ಒಬ್ಬರು ಸಿಕ್ಕಿದ್ದಾರೆ, ಆರು ಸಾವಿರ, ಆದರೆ ಮೊದಲು ಅವ್ವಾರ ಸಹಿ ಬೇಕು.

ಇಪ್ಪತ್ತೇಳನೇ ತಾರೀಖು ಮಧ್ಯಾಹ್ನ ಶಂಕ್ರಮ್ಮ ಸೊಸೆಯನ್ನು ಕರೆದು ಟ್ರಂಕು ತೆಗೆಸಿದಳು.

"ಈ ಹಸರ ಇಳಕಲ್ ಸೀರಿ ಮ್ಯಾಲೆ ಇಡು, ಭವಾನಿ. ಹೊತ್ತಿಗೆ ಹುಡುಕೋದು ಆಗಬಾರದು. ಇದನ್ನ ಉಡಸ್ರಿ ನನಗ. ಲಿಂಗದ ಬೆಳ್ಳಿ ಕರಡಿಗಿ ಅಂಜುಗ. ನಿನಗ ಈ ಎರಡು ಬಿಲ್ವಾರ ಬಳಿ."

ಭವಾನಿಯ ಕೈ ಸೀರೆಯ ಮೇಲೇ ಉಳಿಯಿತು. "ಅತ್ತಿ, ಏನ ಮಾತಾಡಾಕತ್ತೀರಿ?"

"ನೀವು ಮುಚ್ಚಿಟ್ರ ಊರು ಮುಚ್ಚತೈತೇನವಾ? ಹುಬ್ಬಳ್ಳ್ಯಾಗ ಕಾಲು ಕೊಯ್ದಾಗ ಡಾಕ್ಟರಿಗೆ ಅದು ಕಂಡೈತಿ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಉಮಾ ಮುಖ ನೋಡಲಾರ್ದ ತಿರಗತಾನ, ಅಷ್ಟರಾಗ ತಿಳೀತು ನನಗ."

"ನಿಮಗ ಯಾವ ಬ್ಯಾನಿನೂ ಇಲ್ಲತ್ತಿ!"

"ಹಂಗ ಹೇಳಬೇಕು ನೀವು." ಶಂಕ್ರಮ್ಮ ಸೊಸೆಯ ಗಲ್ಲ ಸವರಿದಳು. "ಹೇಳ್ರಿ."

ಭವಾನಿ ಟ್ರಂಕು ಮುಚ್ಚದೆ ಎದ್ದು ಹೋಗಿ, ಓದುತ್ತಿದ್ದ ಮಗಳ ಪುಸ್ತಕ ಕಸಿದುಕೊಂಡಳು. "ಮೂರು ವಾರ ಆತು, ನಿಮ್ಮಪ್ಪ ನೀನು ಇಬ್ರೂ ಉಣ್ಣವಲ್ರಿ. ಏನೈತಿ ಈ ಮನ್ಯಾಗ? ಬಾಯಿ ಬಿಡು." ಅಂಜಲಿ ಅಳುತ್ತಾ ಎಲ್ಲವನ್ನೂ ಹೇಳಿದಳು. ಉಳಿದದ್ದನ್ನು ಭವಾನಿ ಮುನವ್ವರನ ಅಂಗಡಿಗೆ ಹೋಗಿ ಕೇಳಿ ಬಂದಳು.

ಅಂದು ಸಂಜೆ ಶಂಕ್ರಮ್ಮ ಮಠಕ್ಕೆ ಹೋಗಿದ್ದ ಹೊತ್ತಿನಲ್ಲಿ ಉಮಾಪತಿಯ ಮುಂದೆ ಚಹಾ ಬರಲಿಲ್ಲ. ಹಸಿರು ಸೀರೆ ಬಂತು.

"ಇದು ಯಾಕ ತೆಗಸ್ಯಾರ ಗೊತ್ತೇನ್ರಿ?"

ಅವನು ನೋಡಿದ. ಗೊತ್ತಾಗಲಿಲ್ಲ.

"ಹೆಣಕ್ಕ ಉಡಸಾಕ! ಇಪ್ಪತ್ತು ಸಾವಿರಕ್ಕ ಹಡದವ್ವನ ಜೀವಂತ ಮಣ್ಣಿಗಿ ಇಟ್ರಲ್ರಿ. ಗಣಿತದ ಮಾಸ್ತರು!"

"ನಾ ಬರದಿಲ್ಲ ಅದನ್ನ. ಯಂಕೇಶ ಬರದಾನ."

"ಮುನವ್ವರನ ಅಂಗಡ್ಯಾಗ ಹೂಂ ಅಂದಾವ ಯಂಕೇಶನೇನು?"

"ಹನ್ನೊಂದು ಮಂದಿ ಅದಾರ ನನ್ನ ಹಿಂದ, ಭವಾನಿ. ಅವರ ನೌಕರಿ..."

"ನಿಮ್ಮ ಹಿಂದ ಹನ್ನೊಂದು ಮಂದಿ. ನಿಮ್ಮ ಮುಂದ ಒಬ್ಬಾಕಿ ಅದಾಳ, ಅರ್ಧ ರೊಟ್ಟಿ ತಿಂದು ಸಾಯಾಕ ಕುಂತಾಳ. ನೀವು ಹೇಳತೀರೋ ನಾ ಹೇಳಲೋ?"

"ಎರಡು ದಿನ ತಡಿ. ಸಹಿ ಒಂದು ಆಗಲಿ."

"ಯಾವ ಸಹಿ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ಸಂಜೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಠದಿಂದ ಬಂದ ಶಂಕ್ರಮ್ಮ ಮಜ್ಜಿಗೆ ಕುಡಿದು ಮಲಗಿದಳು. ಜಗಳ ತನ್ನ ಔಷಧಿಯ ಖರ್ಚಿಗೇ ಇರಬೇಕೆಂದು ಮೊಮ್ಮಗಳ ಹತ್ತಿರ ಅಂದಳು.

ಇಪ್ಪತ್ತೊಂಬತ್ತರ ಮುಂಜಾನೆ, ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ತಾಯಿ ಪಡಸಾಲೆಗೆ ಬಂದು ಕೂತಾಗ, ಉಮಾಪತಿ ಎದುರಿನ ಸ್ಟೂಲಿನ ಮೇಲೆ ಕೂತ. ಯಂಕೇಶ ಟೈಪು ಮಾಡಿಕೊಟ್ಟ ಹಾಳೆ ಅವನ ಜೇಬಿನಲ್ಲಿತ್ತು. ಭವಾನಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅಂಜಲಿ ಅವಳ ಹಿಂದೆ.

"ಯವ್ವಾ. ನಿನಗ ಬ್ಯಾನಿ ಇಲ್ಲ."

ಶಂಕ್ರಮ್ಮ ಮಗನನ್ನು ನೋಡಿದಳು. ಸೊಸೆಗೆ ಹೇಳಿದಂತೆ ಇವನಿಗೂ ಏನೋ ಹೇಳಲು ಹೊರಟವಳು ಅವನ ಮುಖ ನೋಡಿ ನಿಂತಳು.

ಅವನು ಎಲ್ಲವನ್ನೂ ಹೇಳಿದ. ತೆರಿಗೆ, ಖಾನೆ, ಯಂಕೇಶ, ಮುನವ್ವರ. ಶಂಕ್ರಮ್ಮ ಪುರಾಣ ಕೇಳುವಾಗ ಕೂರುವಂತೆ, ಕೈ ಜೋಡಿಸಿ, ತಲೆ ಒಂದು ಕಡೆ ವಾಲಿಸಿ ಕೇಳಿದಳು.

"ಹಂಗಾರ ಮೊಣಕಾಲು ಅಷ್ಟನ?"

"ಮೊಣಕಾಲು ಅಷ್ಟ."

"ಖರೇನ?"

"ಲಿಂಗದ ಆಣಿ ಮಾಡಿ ಹೇಳತೀನವ್ವ."

ಅವಳ ಕೈ ತಾನಾಗಿ ಎಡ ಮೊಣಕಾಲಿನ ಮೇಲೆ ಹೋಯಿತು. ಉದ್ದನೆಯ ಗಾಯದ ಗುರುತನ್ನು ಸೀರೆಯ ಮೇಲಿಂದಲೇ ಸವರಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಭವಾನಿ ಒಂದು ಹೆಜ್ಜೆ ಮುಂದೆ ಬಂದಳು.

"ಶ್ರಾವಣದಾಗ ಮಠಕ್ಕ ನನ್ನ ಹೆಸರಲೆ ಎರಡು ಚೀಲ ಜ್ವಾಳ ಕೊಟ್ಟಿ," ಎಂದಳು ಶಂಕ್ರಮ್ಮ. "ಸರಕಾರ ನಿನ್ನ ಕಾಲಿಗಂತ ರೊಕ್ಕ ವಾಪಸ್ ಕೊಟ್ಟೈತಿ ಅಂದಿ. ನಾ ಊರ ತುಂಬ ಹೇಳಿಕೊಂಡು ಬಂದೆ. ಸರಕಾರ ದೊಡ್ಡದು, ಮುದುಕೇರ ಕಾಲು ನೋಡತೈತಿ ಅಂತ. ಅದು ಈ ರೊಕ್ಕನ?"

"ಹೂಂ."

"ಆ ಜ್ವಾಳ ಉಂಡ ಜಂಗಮರು ಎಷ್ಟು ಮಂದ್ಯೋ."

ಬೀದಿಯಲ್ಲಿ ಬಡಿಯುವ ಸದ್ದು ಶುರುವಾಯಿತು. ಶೆಡ್ಡಿನಲ್ಲಿ ಒಲೆ ಹೊತ್ತಿಸಿದ್ದರು. ಉಮಾಪತಿ ಜೇಬಿನಿಂದ ಹಾಳೆ ತೆಗೆದು ತೊಡೆಯ ಮೇಲೆ ಬಿಡಿಸಿಟ್ಟ. ಮೇಲೆ ಪೆನ್ನಿಟ್ಟ.

"ಒಂದು ಸಹಿ ಬೇಕವ್ವ. ಇದು ಒಂದು ಆದ್ರ ಮುಗೀತು. ಹನ್ನೆರಡು ಮನಿ ಉಳಿತಾವ. ಮಂದಿಗೆ ನಾಳಿಂದ ನಾನ ಹೇಳತೀನಿ, ನಿನಗ ಆರಾಮಾತು ಅಂತ."

"ಓದು."

"ಸುಮ್ನ ಕಾಗದ ಅದು."

"ನನಗ ಓದಾಕ ಬರಂಗಿಲ್ಲ. ಓದು."

ಉಮಾಪತಿ ಹಾಳೆ ಎತ್ತಿಕೊಂಡ. ತರಗತಿಯ ದನಿಯಲ್ಲಿ ಶುರು ಮಾಡಿದ. "ಶಂಕ್ರಮ್ಮ ಆದ ನಾನು ಈ ಮೂಲಕ ಒಪ್ಪಿ ಬರೆದುಕೊಡುವುದೇನೆಂದರೆ, ನಾನು ನನ್ನ ಮಗನ ಮೇಲೆ ಅವಲಂಬಿತಳಾಗಿದ್ದು, ಕಳೆದ ವರ್ಷದಿಂದ..." ಅಲ್ಲಿಗೆ ನಿಲ್ಲಿಸಿದ.

"ಯಾಕ ನಿಂತಿ? ಕಳೆದ ವರ್ಷದಿಂದ ಏನು?"

"ಗೊತ್ತೈತಲ್ಲವ್ವ ನಿನಗ."

"ಅನ್ನು. ಮಂದಿ ಮುಂದ ಹೂಂ ಅಂದಿ. ಇವತ್ತು ನನ್ನ ಮುಂದ, ನನ್ನ ಮಾರಿ ನೋಡಿ, ನಿನ್ನ ಬಾಯಿಲೆ ಅದರ ಹೆಸರು ತಗೊಂಡು ಓದು. ಕೇಳತೀನಿ."

ಉಮಾಪತಿ ಹಾಳೆಯನ್ನು ನೋಡಿದ. ತಾಯಿಯ ಹಣೆಯ ವಿಭೂತಿ ನೋಡಿದ. ತುಟಿ ಅಲುಗಿತು. ಬಾಗಿಲಲ್ಲಿ ಅಂಜಲಿ ತಾಯಿಯ ಸೆರಗು ಹಿಡಿದುಕೊಂಡಳು.

ಅವನಿಗೆ ಓದಲು ಆಗಲಿಲ್ಲ.

ಶಂಕ್ರಮ್ಮ ಪೆನ್ನು ಎತ್ತಿ, ಮುಚ್ಚಳ ಹಾಕಿ, ಮಗನ ಅಂಗಿಯ ಜೇಬಿಗೆ ಸಿಕ್ಕಿಸಿದಳು. ಆಮೇಲೆ ಗೋಡೆಯ ಆಸರೆ ಹಿಡಿದು, ಒಂದು ಕಾಲು ಗಟ್ಟಿ, ಒಂದು ಕಾಲು ನೋವು, ಎದ್ದು ನಿಂತಳು.

"ಅಂಜು, ನನ್ನ ಎತ್ತರದ ಮಣಿ ತಗೋ. ನನ್ನ ಐದ್ನೂರು ರೊಟ್ಟಿ ಹಂಗ ಅದಾವ."

"ಯವ್ವಾ, ಸಹಿ," ಎಂದ ಉಮಾಪತಿ.

"ಹಾಕಂಗಿಲ್ಲ."